ಬಂದರಿನ ಬಾಯಿ ಕಟ್ಟಿದರೆ

2015ರ ಜೂನ್ 23, ಮಂಗಳವಾರ. ಫ್ರಾನ್ಸಿನ ಉತ್ತರ ತುದಿಯಲ್ಲಿರುವ ಕ್ಯಾಲೆ ಬಂದರಿನಲ್ಲಿ ಮೈಫೆರಿಲಿಂಕ್ ಎಂಬ ಫೆರಿ ಸಂಸ್ಥೆಯ ನಾವಿಕರು ಮುಷ್ಕರ ಹೂಡಿ ಬಂದರು ಮುಚ್ಚಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಊರಾಚೆ ಇರುವ ಚಾನೆಲ್ ಸುರಂಗದ ಹಳಿಗಳ ಮೇಲೆ ಟೈರು ಒಟ್ಟಿ ಬೆಂಕಿಯನ್ನೂ ಇಟ್ಟರು. ಇಂಗ್ಲೆಂಡಿಗೂ ಯೂರೋಪಿಗೂ ನಡುವೆ ಇರುವ ಅತಿ ಹತ್ತಿರದ ಎರಡು ದಾರಿಗಳು, ನೀರಿನ ಮೇಲಿನದು ಮತ್ತು ನೀರಿನ ಕೆಳಗಿನದು, ಒಂದೇ ದಿನ ಬಂದ್ ಆದವು. ಆಚೆ ದಡದ ಕೆಂಟ್ ಜಿಲ್ಲೆಯಲ್ಲಿ ಹೆದ್ದಾರಿಯೇ ಲಾರಿ ನಿಲ್ದಾಣವಾಯಿತು.

ನಾವಿಕರ ಜಗಳ ಪ್ರಯಾಣಿಕರ ಮೇಲಾಗಿರಲಿಲ್ಲ. 2012ರಲ್ಲಿ ಸೀಫ್ರಾನ್ಸ್ ಕಂಪನಿ ದಿವಾಳಿಯಾದಾಗ ಅದರ ಹಡಗುಗಳನ್ನು ಸುರಂಗದ ಒಡೆಯರಾದ ಯೂರೋಟನಲ್ ಕೊಂಡು, ಕೆಲಸ ಕಳೆದುಕೊಂಡವರೇ ಕಟ್ಟಿದ ಸಹಕಾರ ಸಂಘಕ್ಕೆ ಮೈಫೆರಿಲಿಂಕ್ ಹೆಸರಿನಲ್ಲಿ ನಡೆಸಲು ಕೊಟ್ಟಿತ್ತು. ಸುರಂಗವೂ ನಿಮ್ಮದೇ ಫೆರಿಯೂ ನಿಮ್ಮದೇ ಆದರೆ ಪೈಪೋಟಿ ಎಲ್ಲಿ ಉಳಿಯಿತು ಎಂದು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2014ರಲ್ಲಿ ತಡೆ ಹಾಕಿತು. ಆ ವಿಚಾರ ಕೋರ್ಟುಗಳಲ್ಲಿ ಮೇಲೆ ಕೆಳಗೆ ಆಗುತ್ತಿರುವಾಗಲೇ ಯೂರೋಟನಲ್ ಎರಡು ಹಡಗುಗಳನ್ನು ಡಿಎಫ್‌ಡಿಎಸ್ ಎಂಬ ಇನ್ನೊಂದು ಫೆರಿ ಕಂಪನಿಗೆ ಒಪ್ಪಿಸಲು ತೀರ್ಮಾನಿಸಿತು. ಜುಲೈ ಮೊದಲ ವಾರಕ್ಕೆ ಸಂಘದ ಕರಾರು ಮುಗಿಯುವುದಿತ್ತು. ನಾವಿಕರ ಹೊಟ್ಟೆಪಾಡಿನ ಪ್ರಶ್ನೆ ಅದು. ಜಗಳ ಯಾರದೋ, ಸಿಕ್ಕಿಕೊಂಡವರು ಯಾರೋ.

ಚಳವಳಿ ನ್ಯಾಯವೋ ಅಲ್ಲವೋ ಎಂಬ ಚರ್ಚೆಗೆ ಇವತ್ತು ಹೋಗುವುದಿಲ್ಲ. ಬಂದರು ತಡೆ ಹೇಗೆ ಕೆಲಸ ಮಾಡುತ್ತದೆ, ತಡೆ ಎದ್ದ ಮೇಲೂ ತೊಂದರೆ ಏಕೆ ಏಳುವುದಿಲ್ಲ, ಮಧ್ಯೆ ಸಿಕ್ಕಿಕೊಂಡವನ ಕೈಗೆ ಏನು ಸಿಗುತ್ತದೆ ಏನು ಸಿಗುವುದಿಲ್ಲ ಎಂಬುದಷ್ಟೇ ಇಲ್ಲಿನ ಮಾತು. ಒಂದು ಪ್ರಶ್ನೆಯನ್ನು ಮಾತ್ರ ಕೊನೆಯವರೆಗೂ ಕೈಬಿಡಬೇಡಿ: ಮುಚ್ಚಿರುವುದು ಯಾವ ಬಾಯಿ? ಬಂದರಿಗೆ ಬಾಯಿ ಒಂದಲ್ಲ.

ಮೊದಲು ಜಾಗದ ಪರಿಚಯ. ಡೋವರ್ ಜಲಸಂಧಿಯ ಅಗಲ ಅತಿ ಕಿರಿದಾದಲ್ಲಿ ಸುಮಾರು 33 ಕಿಲೋಮೀಟರ್. ಡೋವರ್‌ನಿಂದ ಕ್ಯಾಲೆಗೆ ಫೆರಿಯಲ್ಲಿ ಒಂದೂವರೆ ಗಂಟೆ, ಪಕ್ಕದ ಡನ್ಕರ್ಕ್‌ಗೆ ಎರಡು ಗಂಟೆ. 1994ರಲ್ಲಿ ತೆರೆದ ಸುರಂಗದ ಉದ್ದ 50.5 ಕಿಲೋಮೀಟರ್; ಕಾರು ಲಾರಿಗಳನ್ನು ಹೊತ್ತ ಶಟಲ್ ರೈಲು 35 ನಿಮಿಷದಲ್ಲಿ ದಾಟಿಸುತ್ತದೆ. ಇಲ್ಲಿ ಓಡುವ ಫೆರಿಗಳೆಲ್ಲ ರೋ-ರೋ ಮಾದರಿಯವು, ಅಂದರೆ ವಾಹನ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುವಂಥವು. ಶರಾವತಿ ಹಿನ್ನೀರಿಗೆ 2025ರ ಜುಲೈನಲ್ಲಿ ಸೇತುವೆ ಬರುವವರೆಗೂ ಸಿಗಂದೂರಿಗೆ ಹೋಗುವ ಬಸ್ಸು ಲಾಂಚ್ ಏರುತ್ತಿದ್ದದ್ದು ನಿಮಗೆ ನೆನಪಿರುತ್ತದೆ. ಸೂತ್ರ ಅದೇ, ಗಾತ್ರ ಮಾತ್ರ ಬೇರೆ. ಪಿ ಅಂಡ್ ಓ ಕಂಪನಿಯ ಸ್ಪಿರಿಟ್ ಆಫ್ ಬ್ರಿಟನ್ ಹಡಗು 213 ಮೀಟರ್ ಉದ್ದ, 180 ಲಾರಿ, 2000 ಜನ.

ಕಂಟೇನರ್ ಬಂದರಿಗೂ ಫೆರಿ ಬಂದರಿಗೂ ಇರುವ ವ್ಯತ್ಯಾಸ ಇಲ್ಲೇ. ಮಂಗಳೂರಿನಂಥ ಬಂದರಿನಲ್ಲಿ ಸರಕು ಇಳಿಸಿ ಪೇರಿಸಿಡಲು ಅಂಗಳವಿದೆ. ಹಡಗು ಎರಡು ದಿನ ತಡವಾದರೆ ಸರಕು ಅಂಗಳದಲ್ಲಿ ಕಾಯುತ್ತದೆ. ಫೆರಿ ಬಂದರಿಗೆ ಅಂಥ ಹೊಟ್ಟೆ ಇಲ್ಲ. ಬಂದ ಲಾರಿ ಒಂದೆರಡು ಗಂಟೆಯಲ್ಲಿ ಹಡಗೇರಿ ಹೋಗಲೇಬೇಕು ಎಂಬ ಲೆಕ್ಕದಲ್ಲೇ ಅದರ ಅಂಗಳ ಕಟ್ಟಿರುತ್ತಾರೆ. ಡೋವರ್‌ನ ಬೆನ್ನಿಗೆ ಸುಣ್ಣಕಲ್ಲಿನ ಬಿಳಿ ಬಂಡೆಗಳ ಗೋಡೆ, ಎದುರಿಗೆ ಸಮುದ್ರ. ಹಿಗ್ಗಲು ಜಾಗವೇ ಇಲ್ಲ. ಹಾಗಾಗಿ ಹಡಗು ನಿಂತ ಕೆಲವೇ ಗಂಟೆಗಳಲ್ಲಿ ಸಾಲು ಬಂದರಿನ ಗೇಟು ದಾಟಿ ಊರಿಗೆ, ಊರು ದಾಟಿ ಹೆದ್ದಾರಿಗೆ ಬರುತ್ತದೆ.

ಈಗ ಬಾಯಿಗಳ ವಿಚಾರ. ಮೊದಲನೆಯದು ನೀರಿನ ಬಾಯಿ, ಅಂದರೆ ಎರಡು ತಡೆಗೋಡೆಗಳ ನಡುವಿನ ಕಿಂಡಿ. ಇದನ್ನು ಮುಚ್ಚುವವರು ಸಾಮಾನ್ಯವಾಗಿ ಮೀನುಗಾರರು. 2009ರ ಏಪ್ರಿಲ್ 14ರಂದು ಫ್ರೆಂಚ್ ಮೀನುಗಾರರು ಕಾಡ್, ಸೋಲ್ ಮೀನಿನ ಕೋಟಾ ಹೆಚ್ಚಿಸಬೇಕೆಂದು ಕ್ಯಾಲೆ, ಬುಲೋನ್, ಡನ್ಕರ್ಕ್ ಮೂರನ್ನೂ ಕಟ್ಟಿದರು. ದಿನ ನೋಡಿ: ಈಸ್ಟರ್ ಸೋಮವಾರದ ಮರುದಿನ. ರಜೆ ಮುಗಿಸಿ ಮನೆಗೆ ಹೊರಟವರೆಲ್ಲ ಅಂದೇ ದಾರಿಯಲ್ಲಿದ್ದರು. 2021ರ ನವೆಂಬರ್ 26ರಂದು ಬ್ರೆಕ್ಸಿಟ್ ನಂತರದ ಮೀನುಗಾರಿಕೆ ಪರವಾನಗಿಗಾಗಿ ಬೆಳಿಗ್ಗೆ ಸೇಂಟ್ ಮಾಲೊ, ಆಮೇಲೆ ಕ್ಯಾಲೆ, ಉಯಿಸ್ಟ್ರಾಂ ಬಂದರುಗಳು. ಸುರಂಗಕ್ಕೆ ಸರಕು ಲಾರಿ ಹೋಗುವ ರಸ್ತೆಯನ್ನೂ ಅಂದೇ ತಡೆದರು. ಆದರೆ ಕ್ಯಾಲೆಯಲ್ಲಿ ತಡೆ ಇದ್ದದ್ದು ಒಂದೆರಡು ಗಂಟೆ ಮಾತ್ರ, ಅದೂ ಹಿಂದಿನ ದಿನವೇ ಸಾರಿ ಹೇಳಿ. ಸುದ್ದಿಯಲ್ಲಿ ಎರಡಕ್ಕೂ ಬಂದರು ತಡೆ ಎಂಬ ಒಂದೇ ಹೆಸರು. ಪ್ರಯಾಣಿಕನಿಗೆ ಒಂದು ಮಹಾ ಸಂಕಟ, ಇನ್ನೊಂದು ಬರೀ ಕಿರಿಕಿರಿ.

ಹತ್ತು ಹದಿನೈದು ಮೀಟರಿನ ದೋಣಿಗಳು ಇನ್ನೂರು ಮೀಟರಿನ ಹಡಗನ್ನು ನಿಲ್ಲಿಸುವುದಾದರೂ ಹೇಗೆ ಎಂದು ಕೇಳುತ್ತಾರೆ. ಬಲದಿಂದ ನಿಲ್ಲಿಸುವುದಲ್ಲ. ದೊಡ್ಡ ಹಡಗಿಗೆ ಚುಕ್ಕಾಣಿ ಹಿಡಿತ ಕೊಡಬೇಕಾದರೆ ಅದು ಒಂದಿಷ್ಟು ವೇಗದಲ್ಲಿ ಸಾಗುತ್ತಲೇ ಇರಬೇಕು. ನಿಧಾನ ಮಾಡಿದರೆ ಅದರ ಎತ್ತರದ ಮೈಗೆ ಗಾಳಿ ಬಡಿದು ಪಕ್ಕಕ್ಕೆ ತಳ್ಳುತ್ತದೆ. ಕಿಂಡಿಯಲ್ಲಿ ಪಕ್ಕಕ್ಕೆ ಸರಿದರೆ ಗೋಡೆ. ಮುಂದೆ ದೋಣಿಗಳಿದ್ದರೆ ವೇಗವಾಗಿ ಹೋಗುವಂತಿಲ್ಲ, ನಿಧಾನವಾಗಿಯೂ ಹೋಗುವಂತಿಲ್ಲ. ನೀರಿನಲ್ಲಿ ಬಲೆಯೋ ಹಗ್ಗವೋ ಬಿದ್ದಿದ್ದು ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಕಥೆ ಮುಗಿಯಿತು. ಕಿರಿದಾದ ಕಾಲುವೆಯಲ್ಲಿ ಸಾಗುವ ಹಡಗಿಗೆ ಮೀನು ಹಿಡಿಯುವ ದೋಣಿ ಅಡ್ಡ ಬರಬಾರದು ಎಂದು ಸಮುದ್ರ ಸಂಚಾರದ ಅಂತರರಾಷ್ಟ್ರೀಯ ನಿಯಮಾವಳಿಯ 9ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಆದರೆ ನಿಯಮ ನನ್ನ ಪರ ಇದೆ ಎಂದು ದೋಣಿಯ ಮೇಲೆ ಹಡಗು ಹತ್ತಿಸುವ ಕ್ಯಾಪ್ಟನ್ ಯಾರೂ ಇಲ್ಲ. ಬಂದರಿನ ಸಂಚಾರ ನಿಯಂತ್ರಣ ಕೊಠಡಿಯವರು ಸುರಕ್ಷತೆಯ ಕಾರಣ ಕೊಟ್ಟು ಓಡಾಟ ನಿಲ್ಲಿಸುತ್ತಾರೆ. ಅಂದರೆ ನಿಜವಾಗಿ ಬಂದರು ಮುಚ್ಚುವುದು ಬಂದರಿನವರೇ. ಆಮೇಲೆ ಪರಿಹಾರದ ಮಾತು ಬಂದಾಗ ಈ ಸಣ್ಣ ವಿವರಕ್ಕೆ ತೂಕವಿದೆ.

ನೀರಿನ ತಡೆಯ ಉಗ್ರ ರೂಪ ನೋಡಬೇಕಾದರೆ ಕೆನಡಾಕ್ಕೆ ಹೋಗಬೇಕು. 1997ರ ಜುಲೈ 19ರಂದು ಬ್ರಿಟಿಷ್ ಕೊಲಂಬಿಯಾದ ಪ್ರಿನ್ಸ್ ರೂಪರ್ಟ್ ಬಂದರಿನಲ್ಲಿ ಅಲಾಸ್ಕಾ ರಾಜ್ಯ ಸರ್ಕಾರದ ಫೆರಿ ಮಲಾಸ್ಪಿನಾ ಧಕ್ಕೆಗೆ ಬಂದು ನಿಂತಿತ್ತು. ಕೆನಡಾದ ನದಿಗಳಿಗೆ ಮರಳುವ ಸಾಕೈ ಸಾಲ್ಮನ್ ಮೀನನ್ನು ಅಲಾಸ್ಕಾದವರು ದಾರಿಯಲ್ಲೇ ಬಾಚಿಕೊಳ್ಳುತ್ತಿದ್ದಾರೆ ಎಂಬ ಸಿಟ್ಟಿಗೆ ನೂರಾರು ಮೀನುದೋಣಿಗಳು ಅದನ್ನು ಸುತ್ತುವರಿದವು. ಕೋರ್ಟು ಬಿಡಿ ಎಂದು ಆದೇಶ ಕೊಟ್ಟರೂ ದೋಣಿಗಳು ತಕ್ಷಣ ಕದಲಲಿಲ್ಲ. ಮೂರನೆಯ ದಿನ ಹಡಗು ಬಿಡುಗಡೆಯಾಯಿತು. ನಂತರದ್ದು ಇನ್ನೂ ಗಮನಿಸಬೇಕಾದ್ದು: ಅಲಾಸ್ಕಾ ತನ್ನ ಫೆರಿಗಳು ಆ ಊರಿಗೆ ಹೋಗುವುದನ್ನೇ ತಿಂಗಳುಗಟ್ಟಲೆ ನಿಲ್ಲಿಸಿತು. ಬೇಸಿಗೆಯ ಪ್ರವಾಸಿಗರನ್ನೇ ನಂಬಿದ್ದ ಹೋಟೆಲು, ಅಂಗಡಿಗಳು ಮೀನುಗಾರರ ಸ್ವಂತ ಊರಿನವೇ. ತಡೆ ಮೂರು ದಿನ, ಏಟು ಒಂದು ಹಂಗಾಮು.

ಎರಡನೆಯ ಬಾಯಿ ಧಕ್ಕೆ. ಹಡಗಿನ ಹೊಟ್ಟೆಗೂ ನೆಲಕ್ಕೂ ನಡುವೆ ಲಿಂಕ್‌ಸ್ಪ್ಯಾನ್ ಎಂಬ ಏರಿಳಿಯುವ ಉಕ್ಕಿನ ಸೇತುವೆ ಇರುತ್ತದೆ. ಭರತ ಇಳಿತಕ್ಕೆ ತಕ್ಕಂತೆ ಅದನ್ನು ಹೊಂದಿಸುತ್ತಲೇ ಇರಬೇಕು. ಹಡಗಿನ ಹಗ್ಗ ಹಿಡಿದು ಗೂಟಕ್ಕೆ ಹಾಕುವ ನಾಲ್ಕಾರು ಜನ, ಲಿಂಕ್‌ಸ್ಪ್ಯಾನ್ ನಡೆಸುವ ಒಬ್ಬಿಬ್ಬರು, ಇವರು ಕೈಕಟ್ಟಿ ನಿಂತರೆ ಸಾಕು. ಗದ್ದಲವಿಲ್ಲ, ಬೆಂಕಿಯಿಲ್ಲ, ಒಂದು ಲಾರಿಯೂ ಇಳಿಯುವುದಿಲ್ಲ. 2015ರಲ್ಲಿ ಇದರ ಮೇಲೆ ಇನ್ನೊಂದು ಸೇರಿತು. ಕರಾರು ಮುಗಿದ ಮೇಲೆ ನಾವಿಕರು ರೋಡಾನ್, ಬರ್ಲಿಯೋಜ್ ಎಂಬ ಎರಡು ಹಡಗುಗಳನ್ನು ಬಿಟ್ಟು ಇಳಿಯಲೇ ಇಲ್ಲ. ಆಗಸ್ಟ್ ಕೊನೆಗೆ ಒಪ್ಪಂದವಾಗುವವರೆಗೆ ಅವು ಕ್ಯಾಲೆಯ ಧಕ್ಕೆಯಲ್ಲೇ ಇದ್ದವು. ನಿಂತ ಹಡಗು ಬರೀ ನಿಂತಿರುವುದಿಲ್ಲ, ಓಡುವ ಇನ್ನೊಂದರ ಜಾಗವನ್ನೂ ತಿನ್ನುತ್ತದೆ. ಹಾಗಾದರೆ ಪಕ್ಕದ ಬಂದರಿಗೆ ಹೋಗಬಾರದೇ? ಡಿಎಫ್‌ಡಿಎಸ್ ತನ್ನ ಹಡಗುಗಳನ್ನು ಡನ್ಕರ್ಕ್‌ಗೆ ತಿರುಗಿಸಿತು ನಿಜ. ಆದರೆ ಎಲ್ಲ ಹಡಗಿಗೂ ಎಲ್ಲ ಲಿಂಕ್‌ಸ್ಪ್ಯಾನ್ ಕೂಡುವುದಿಲ್ಲ: ಬಾಗಿಲಿನ ಅಗಲ, ಎತ್ತರ, ಎರಡು ಮಜಲಿನಲ್ಲಿ ಒಟ್ಟಿಗೆ ಏರಿಸುವ ವ್ಯವಸ್ಥೆ, ನೀರಿನ ಆಳ, ಎಲ್ಲ ಹೊಂದಬೇಕು. ಜತೆಗೆ ಆ ಧಕ್ಕೆ ಆ ಹೊತ್ತಿಗೆ ಖಾಲಿ ಇರಬೇಕಲ್ಲ.

ಮೂರನೆಯದು ರಸ್ತೆಯ ಬಾಯಿ. ಕ್ಯಾಲೆಗೆ ಕರಾವಳಿಯ ಉದ್ದಕ್ಕೂ ಎ16 ಹೆದ್ದಾರಿ, ಒಳನಾಡಿನಿಂದ ಎ26. ಕೊನೆಗೆ ಬಂದರಿನ ಗೇಟಿಗೆ ಎ216 ಎಂಬ ಒಂದು ತುಂಡು ರಸ್ತೆ. 2016ರ ಸೆಪ್ಟೆಂಬರ್ 5ರಂದು ಲಾರಿಯವರು, ರೈತರು, ಕ್ಯಾಲೆಯ ವ್ಯಾಪಾರಿಗಳು ಸೇರಿ ಅಲ್ಲಿನ ವಲಸಿಗರ ಬಿಡಾರ ತೆರವು ಮಾಡಬೇಕೆಂದು ಎ16ರಲ್ಲಿ ಟ್ರ್ಯಾಕ್ಟರು, ಲಾರಿಗಳನ್ನು ಆಮೆ ನಡಿಗೆಯಲ್ಲಿ ಓಡಿಸಿದರು. ಫ್ರೆಂಚರಲ್ಲಿ ಇದಕ್ಕೆ ಬಸವನಹುಳು ಕಾರ್ಯಾಚರಣೆ ಎಂದೇ ಹೆಸರು. ನಿಲ್ಲಿಸುವುದಕ್ಕಿಂತ ನಿಧಾನ ಮಾಡುವುದರಲ್ಲಿ ಒಂದು ಜಾಣತನವಿದೆ: ರಸ್ತೆ ಮುಚ್ಚಿದ್ದೀರಿ ಎಂದು ಪೊಲೀಸರು ಎಬ್ಬಿಸಲು ಬಂದರೆ, ಓಡುತ್ತಲೇ ಇದ್ದೇವಲ್ಲ ಎನ್ನಬಹುದು. ಕಾನೂನು ಇದನ್ನು ಪೂರ್ತಿ ಒಪ್ಪಿಲ್ಲ. 2002ರಲ್ಲಿ ನಾರ್ಮಂಡಿಯ ಎ84ರಲ್ಲಿ ಹೀಗೆ ಮಾಡಿದ ಲಾರಿ ಚಾಲಕನಿಗೆ ಆದ ಶಿಕ್ಷೆ ಸಭೆ ಸೇರುವ ಹಕ್ಕಿನ ಉಲ್ಲಂಘನೆಯಲ್ಲ ಎಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ಹೇಳಿತು. ರಸ್ತೆಯಲ್ಲಿ ಟೈರು ಸುಟ್ಟರೆ ಇನ್ನೊಂದು ಫಜೀತಿ. ಜನ ಎದ್ದು ಹೋದ ಮೇಲೂ ಡಾಂಬರು ಕರಗಿದ ಜಾಗ ಕೆತ್ತಿ ಹೊಸದಾಗಿ ಹಾಕುವವರೆಗೆ ಆ ಲೇನು ತೆರೆಯುವುದಿಲ್ಲ.

ಈ ಮೂರನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ನೀರಿನ ಬಾಯಿ ಮಾತ್ರ ಮುಚ್ಚಿದ್ದರೆ ಸುರಂಗ ತೆರೆದಿರುತ್ತದೆ. ಆದರೆ ಮೀನುಗಾರರು ಅಕ್ಕಪಕ್ಕದ ಬಂದರಿಗೂ ಹೋಗಿರುವ ಸಂಭವ ಹೆಚ್ಚು. ಧಕ್ಕೆಯ ಮುಷ್ಕರವಾದರೆ ಒಂದು ಕಂಪನಿ ನಿಂತಿರಬಹುದು, ಪಕ್ಕದ ಕಂಪನಿ ಓಡುತ್ತಿರಬಹುದು. ರಸ್ತೆ ತಡೆಯಾದರೆ ಹಡಗುಗಳು ಸರಿಯಾದ ಹೊತ್ತಿಗೇ ಹೊರಡುತ್ತವೆ, ನೀವು ಮಾತ್ರ ಅಲ್ಲಿರುವುದಿಲ್ಲ. ಕಾನೂನಿನ ಕಣ್ಣಿಗೆ ಇದು ಹಡಗಿನ ವಿಳಂಬವಲ್ಲ, ನಿಮ್ಮ ವಿಳಂಬ.

ಈಗ ಲೆಕ್ಕ. ತಡೆ ಸಂಜೆ 4ಕ್ಕೆ ಎದ್ದಿತು ಎಂದು ಸುದ್ದಿ ಬಂದ ಕೂಡಲೇ ಜನ ಗಾಡಿ ಹೊರಡಿಸುತ್ತಾರೆ. ದೊಡ್ಡ ತಪ್ಪು. ಉದಾಹರಣೆಗೆಂದು ಹಿಡಿದ ಅಂಕಿಗಳಲ್ಲಿ ನೋಡೋಣ. ಬಂದರು ಒಂದು ದಿಕ್ಕಿಗೆ ಗಂಟೆಗೆ 400 ಲಾರಿ ದಾಟಿಸಬಲ್ಲದು, ಮಾಮೂಲಿ ದಿನ ಗಂಟೆಗೆ 300 ಬರುತ್ತವೆ. ಆರು ಗಂಟೆ ತಡೆಯಾದರೆ 1800 ಲಾರಿ ಸಾಲಾಗುತ್ತವೆ. ತೆರೆದ ಮೇಲೆ ಗಂಟೆಗೆ 400 ಹೋಗುತ್ತವೆ, ಆದರೆ ಹೊಸದಾಗಿ 300 ಬರುತ್ತಲೇ ಇರುತ್ತವೆ. ಸಾಲು ಕರಗುವುದು ಗಂಟೆಗೆ 100ರಂತೆ. ಪೂರ್ತಿ ಕರಗಲು 18 ಗಂಟೆ. ರಜೆ ದಿನಗಳಲ್ಲಿ ಗಂಟೆಗೆ 360 ಬಂದವು ಎನ್ನಿ. ಸಾಲು 2160, ಕರಗುವುದು ಗಂಟೆಗೆ ಬರೀ 40. ಅಂದರೆ 54 ಗಂಟೆ. ಬರುವ ವಾಹನ ಐದರಲ್ಲಿ ಒಂದು ಪಾಲು ಹೆಚ್ಚಾದರೆ ಪರದಾಟ ಮೂರು ಪಟ್ಟು. ತಡೆ ಎಷ್ಟು ಹೊತ್ತಿತ್ತು ಎಂಬುದಕ್ಕಿಂತ ಆ ದಿನ ಬಂದರು ಎಷ್ಟು ತುಂಬಿತ್ತು ಎಂಬುದು ಮುಖ್ಯ. ಈಸ್ಟರ್ ಮರುದಿನ ಆರಿಸಿಕೊಂಡವರಿಗೆ ಈ ಲೆಕ್ಕ ಕಾಗದದ ಮೇಲೆ ಬೇಕಿರಲಿಲ್ಲ.

ಈ ಲೆಕ್ಕವೂ ಉದಾರವಾದದ್ದೇ. ತಡೆ ಎದ್ದಾಗ ಹಡಗುಗಳು ಇರಬೇಕಾದ ಕಡೆ ಇರುವುದಿಲ್ಲ, ಮೂರು ಈಚೆ ದಡದಲ್ಲಿ ಒಟ್ಟಾಗಿ ನಿಂತಿರುತ್ತವೆ, ಸಾಲು ಆಚೆ ದಡದಲ್ಲಿ. ಇನ್ನೊಂದು ಸಿಬ್ಬಂದಿಯದು. ಹಡಗಿನ ಕೆಲಸಗಾರರಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಲೇಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ತಡೆಯ ಹೊತ್ತಿನಲ್ಲಿ ಎಚ್ಚರವಾಗಿ ಕಾಯುತ್ತಿದ್ದವರಿಂದಲೇ ರಾತ್ರಿ ಹೆಚ್ಚುವರಿ ಸುತ್ತು ಹೊಡೆಸಲು ಆಗುವುದಿಲ್ಲ.

ಲಾರಿಯೊಂದಕ್ಕೆ ಅಂತರ ಸೇರಿಸಿ 20 ಮೀಟರ್ ಹಿಡಿದರೆ 1800 ಲಾರಿ ಅಂದರೆ ಒಂದು ಲೇನಿನಲ್ಲಿ 36 ಕಿಲೋಮೀಟರ್. ಇಷ್ಟನ್ನು ಎಲ್ಲಿ ನಿಲ್ಲಿಸುವುದು? ಕೆಂಟ್ ಪೊಲೀಸರು ಕಂಡುಕೊಂಡದ್ದು ಆಪರೇಷನ್ ಸ್ಟ್ಯಾಕ್. 1988ರ ನಾವಿಕರ ಮುಷ್ಕರದ ಕಾಲದಿಂದ ಬಂದ ಪದ್ಧತಿ: ಎಂ20 ಹೆದ್ದಾರಿಯ ಕರಾವಳಿ ದಿಕ್ಕಿನ ಭಾಗ ಮುಚ್ಚಿ ಅಲ್ಲೇ ಲಾರಿ ಪೇರಿಸುವುದು. 8ನೇ ಜಂಕ್ಷನ್ನಿನಿಂದ 9ರವರೆಗೆ ಒಂದು ಹಂತ, 9ರಿಂದ 11ರವರೆಗೆ ಇನ್ನೊಂದು. 2015ರ ಬೇಸಿಗೆಯಲ್ಲಿ ಒಂದು ಹೊತ್ತಿನಲ್ಲಿ ಸುಮಾರು ಏಳು ಸಾವಿರ ಲಾರಿಗಳು ಹೀಗೆ ನಿಂತಿದ್ದವು. ಬಂದರಿನ ಸಂಬಂಧವೇ ಇಲ್ಲದ ಆ ಜಿಲ್ಲೆಯ ಜನ ಆಸ್ಪತ್ರೆಗೆ, ಶಾಲೆಗೆ ಹಳ್ಳಿ ರಸ್ತೆ ಸುತ್ತಿ ಹೋಗಬೇಕಾಯಿತು. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ವಾಹನಗಳೆಲ್ಲ ಚಾರ್ಮಾಡಿ, ಸಂಪಾಜೆಗೆ ನುಗ್ಗಿದಾಗ ಆ ದಾರಿಯ ಊರಿನವರ ಪಾಡೇನು ಎಂಬುದು ನಮಗೆ ಗೊತ್ತಲ್ಲ, ಹಾಗೆ. ಈಗ ಆಪರೇಷನ್ ಬ್ರಾಕ್ ಬಂದಿದೆ: ಕಾಂಕ್ರೀಟ್ ತಡೆಗೋಡೆಯನ್ನು ವಿಶೇಷ ವಾಹನದಿಂದ ಎತ್ತಿ ಸರಿಸಿ, ಕರಾವಳಿ ದಿಕ್ಕಿನಲ್ಲಿ ಲಾರಿಗಳನ್ನು ನಿಲ್ಲಿಸುತ್ತಾರೆ, ಲಂಡನ್ ದಿಕ್ಕಿನ ರಸ್ತೆಯಲ್ಲೇ ಉಳಿದ ವಾಹನಗಳನ್ನು ಎದುರುಬದುರು ಓಡಿಸುತ್ತಾರೆ. ಕಾರಿನಲ್ಲಿ ಹೋಗುವವರು ಬ್ರಾಕ್ ಜಾರಿಯಲ್ಲಿದೆ ಎಂಬ ಫಲಕ ಕಂಡರೆ ಲಾರಿ ಸಾಲಿಗೆ ಸೇರಬೇಕಿಲ್ಲ, ಅವರಿಗೆ ಬೇರೆ ಲೇನು. ಹೊಸಬರು ಇಲ್ಲಿ ಎಡವುವುದುಂಟು.

ಲಾರಿಯವರ ಸಂಕಟಗಳಲ್ಲಿ ಒಂದೆರಡನ್ನು ಹತ್ತಿರದಿಂದ ನೋಡಬೇಕು. ಯೂರೋಪಿನ ನಿಯಮದಲ್ಲಿ ಚಾಲಕ ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ 10 ಗಂಟೆ ಓಡಿಸಬಹುದು. ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ಬಿಡುವು. ಇದನ್ನೆಲ್ಲ ಟ್ಯಾಕೋಗ್ರಾಫ್ ಯಂತ್ರ ದಾಖಲಿಸುತ್ತದೆ. ಸಾಲಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ನಾಲ್ಕು ಗಾಲಿ ದೂರ ಸರಿದರೆ ವಿಶ್ರಾಂತಿ ಮುರಿಯಿತೆಂದೇ ಲೆಕ್ಕ. ಹನ್ನೊಂದು ಗಂಟೆ ಸಾಲಿನಲ್ಲಿ ಕೂತವನಿಗೆ ಹನ್ನೊಂದು ಗಂಟೆ ವಿಶ್ರಾಂತಿ ಸಿಕ್ಕಿರುವುದಿಲ್ಲ. ಸುರಕ್ಷಿತ ನಿಲುಗಡೆ ತಲುಪಲು ಮಿತಿ ಮೀರಬಹುದೆಂದು 561/2006ನೇ ನಿಯಮಾವಳಿಯ 12ನೇ ವಿಧಿ ಅವಕಾಶ ಕೊಡುತ್ತದೆ, ಆದರೆ ಕಾರಣವನ್ನು ಆಗಲೇ, ಯಂತ್ರದ ಮುದ್ರಿತ ಚೀಟಿಯ ಹಿಂದೆ ಕೈಯಲ್ಲಿ ಬರೆದಿಡಬೇಕು. ಮನೆಗೆ ಹೋಗಿ ಬರೆದರೆ ನಡೆಯುವುದಿಲ್ಲ. ಕ್ಯಾಲೆಯಲ್ಲಿ 2015ರಲ್ಲಿ ಇನ್ನೊಂದು ಭಯವೂ ಇತ್ತು: ಬ್ರಿಟನ್ನಿಗೆ ನುಸುಳಬಯಸುವ ವಲಸಿಗರು ಯಾರಾದರೂ ನಿಂತ ಲಾರಿಗೆ ಹಿಂದಿನಿಂದ ಹತ್ತಿ ಅಡಗಿ ಕೂತು ಡೋವರ್‌ನಲ್ಲಿ ಸಿಕ್ಕಿಬಿದ್ದರೆ ತಲೆಗೆ 2000 ಪೌಂಡಿನವರೆಗೆ ದಂಡ. ಸಾಲು ಸರಿದಾಗಲೆಲ್ಲ ಇಳಿದು ಬೀಗಮುದ್ರೆ, ಟಾರ್ಪಾಲಿನ ಹಗ್ಗ, ಚಾವಣಿ ನೋಡುವುದು ಚಾಲಕರ ದಿನಚರಿಯಾಗಿತ್ತು.

ಶೀತಲ ಲಾರಿಗಳ ತಂಪು ಯಂತ್ರ ಗಂಟೆಗೆ ಎರಡರಿಂದ ನಾಲ್ಕು ಲೀಟರ್ ಡೀಸೆಲ್ ಕುಡಿಯುತ್ತದೆ. ಡೀಸೆಲ್ ಮುಗಿಯುವ ಮೊದಲೇ ಮುಗಿಯುವುದು ಆಯುಸ್ಸು. ಸೊಪ್ಪು, ಸ್ಟ್ರಾಬೆರಿ, ಮೀನು ಕೊಳೆಯದೇ ಇದ್ದರೂ, ಅಂಗಡಿಗೆ ತಲುಪಿದಾಗ ಇಷ್ಟು ದಿನ ಬಾಳಿಕೆ ಉಳಿದಿರಬೇಕು ಎಂಬ ಕರಾರಿಗೆ ಒಂದು ದಿನ ಕಡಿಮೆ ಬಿದ್ದರೆ ಇಡೀ ಲೋಡು ವಾಪಸ್. ವಿಮೆ ಇದೆಯಲ್ಲ ಎಂದರೆ, ಮುಷ್ಕರದ ರಕ್ಷಣೆ ಎಂದು ಬೇರೆ ಹಣ ಕಟ್ಟಿದವರಿಗೂ ಒಂದು ಬಲೆ ಕಾದಿರುತ್ತದೆ. ಮುಷ್ಕರನಿರತರು ಸರಕಿಗೆ ಬೆಂಕಿ ಇಟ್ಟರೆ ವಿಮೆ ಕೊಡುತ್ತದೆ; ಮುಷ್ಕರದಿಂದ ತಡವಾಗಿ ಸರಕು ಕೊಳೆತರೆ ಕೊಡುವುದಿಲ್ಲ. ವಿಮೆಗೊಳಪಟ್ಟ ಅಪಾಯದಿಂದಲೇ ವಿಳಂಬವಾಗಿದ್ದರೂ ಆ ವಿಳಂಬದ ನಷ್ಟಕ್ಕೆ ವಿಮೆಗಾರ ಹೊಣೆಯಲ್ಲ ಎಂದು ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಅದನ್ನೇ ಅನುಸರಿಸಿದ ಭಾರತದ 1963ರ ಕಾಯ್ದೆಯಲ್ಲೂ ಇದೇ ಮಾತಿದೆ. ನಮ್ಮಿಂದ ದಾಳಿಂಬೆ, ದ್ರಾಕ್ಷಿ ಕಳಿಸುವವರು ಪಾಲಿಸಿಯಲ್ಲಿ ಓದಬೇಕಾದ ಸಾಲು ಇದು.

ಸರ್ಕಾರದಿಂದ ನಷ್ಟ ವಸೂಲಿ ಮಾಡಬಹುದೇ? ಯೂರೋಪಿನ ನ್ಯಾಯಾಲಯದ ಎರಡು ತೀರ್ಪುಗಳ ನಡುವೆ ಉತ್ತರವಿದೆ. 1997ರಲ್ಲಿ ಫ್ರಾನ್ಸ್ ಸೋತಿತು: ರೈತರು ವರ್ಷಗಟ್ಟಲೆ ಹೊರದೇಶದ ಹಣ್ಣು ತರಕಾರಿ ಲಾರಿಗಳನ್ನು ತಡೆದು ಸುರಿಯುತ್ತಿದ್ದರೂ ಪೊಲೀಸರು ನೋಡುತ್ತ ನಿಂತಿದ್ದಕ್ಕೆ. 2003ರಲ್ಲಿ ಆಸ್ಟ್ರಿಯಾ ಗೆದ್ದಿತು: ಪರಿಸರವಾದಿಗಳು 1998ರ ಜೂನ್‌ನಲ್ಲಿ ಬ್ರೆನ್ನರ್ ಹೆದ್ದಾರಿಯನ್ನು ಸುಮಾರು 30 ಗಂಟೆ ತಡೆದಿದ್ದರು, ಆದರೆ ಮೊದಲೇ ತಿಳಿಸಿದ್ದರು, ಶಾಂತವಾಗಿತ್ತು, ಬದಲಿ ದಾರಿ ಪ್ರಕಟಿಸಲಾಗಿತ್ತು. ಮುನ್ಸೂಚನೆ ಕೊಟ್ಟ ಒಂದು ದಿನದ ತಡೆಗೆ ಸರ್ಕಾರದ ಖಜಾನೆ ಬಿಚ್ಚುವುದಿಲ್ಲ ಎಂದೇ ತಿಳಿದುಕೊಳ್ಳಿ.

ಪ್ರಯಾಣಿಕರ ಹಕ್ಕು ಇದಕ್ಕಿಂತ ಗಟ್ಟಿ. ಯೂರೋಪಿನ 1177/2010ನೇ ನಿಯಮಾವಳಿ 2012ರ ಡಿಸೆಂಬರ್ 18ರಿಂದ ಜಾರಿಯಲ್ಲಿದೆ. ಬ್ರಿಟನ್ ಹೊರಬಂದ ಮೇಲೂ ಅದೇ ಚೌಕಟ್ಟನ್ನು ತನ್ನ ಕಾನೂನಿನಲ್ಲಿ ಉಳಿಸಿಕೊಂಡಿದೆ. ಹೊರಡುವ ಸಮಯ ಮೀರಿ 30 ನಿಮಿಷದೊಳಗೆ ಮಾಹಿತಿ ಕೊಡಬೇಕು. ಹೊರಡುವುದು 90 ನಿಮಿಷಕ್ಕಿಂತ ತಡವಾಗುವಂತಿದ್ದರೆ ಅಥವಾ ರದ್ದಾದರೆ ಊಟ ತಿಂಡಿ. ರಾತ್ರಿ ಉಳಿಯಬೇಕಾದರೆ ಮೂರು ರಾತ್ರಿಯವರೆಗೆ, ತಲೆಗೆ ರಾತ್ರಿಗೆ 80 ಯೂರೋ ಮೀರದಂತೆ ವಸತಿ. ಜತೆಗೆ ಆಯ್ಕೆ ನಿಮ್ಮದು: ಹೆಚ್ಚುವರಿ ಹಣವಿಲ್ಲದೆ ಆದಷ್ಟು ಬೇಗ ಬೇರೆ ಪಯಣದಲ್ಲಿ ತಲುಪಿಸುವುದು, ಇಲ್ಲವೇ 7 ದಿನದೊಳಗೆ ಟಿಕೆಟ್ ಹಣ ವಾಪಸ್. ಇದರ ಮೇಲೆ ತಡವಾಗಿ ತಲುಪಿದ್ದಕ್ಕೆ ಪರಿಹಾರ: ನಾಲ್ಕು ಗಂಟೆಯೊಳಗಿನ ಪಯಣ ಒಂದು ಗಂಟೆ ತಡವಾದರೆ ಟಿಕೆಟ್ ಬೆಲೆಯ ಶೇ 25, ಎರಡು ಗಂಟೆ ಮೀರಿದರೆ ಶೇ 50.

ಇಲ್ಲಿ ಗಮನವಿಡಿ. ಅಸಾಧಾರಣ ಸಂದರ್ಭವೆಂದು ಕಂಪನಿ ಸಾಬೀತು ಮಾಡಿದರೆ ಬಿಟ್ಟುಹೋಗುವುದು ಆ ಕೊನೆಯ ಶೇ 25, 50 ಮಾತ್ರ. ಕಾರ್ಮಿಕ ಸಂಘರ್ಷ, ಬಂದರು ಅಧಿಕಾರಿಗಳ ತೀರ್ಮಾನ ಎರಡನ್ನೂ ನಿಯಮಾವಳಿಯ ಪೀಠಿಕೆ ಆ ಪಟ್ಟಿಯಲ್ಲಿ ಹೆಸರಿಸಿದೆ; ನೀರಿನ ಬಾಯಿ ಮುಚ್ಚಿದಾಗ ಓಡಾಟ ನಿಲ್ಲಿಸಿದ್ದು ಬಂದರಿನವರು ಎಂದೆನಲ್ಲ, ಅದು ಇಲ್ಲಿ ಕಂಪನಿಯ ಕೈಗೆ ಸಿಗುವ ಅಸ್ತ್ರ. ಆದರೆ ಊಟ, ವಸತಿ, ಹಣ ವಾಪಸಿಗೆ ಈ ನೆಪ ನಡೆಯುವುದಿಲ್ಲ. ವಸತಿಗೆ ವಿನಾಯಿತಿ ಇರುವುದು ಕೆಟ್ಟ ಹವಾಮಾನಕ್ಕೆ ಮಾತ್ರ, ಚಳವಳಿಗಲ್ಲ. ಕೌಂಟರಿನಲ್ಲಿ ನಿಂತವರು ಮುಷ್ಕರ ಸಾರ್, ನಮ್ಮ ಕೈಯಲ್ಲೇನಿಲ್ಲ ಎಂದಾಗ ಮೂರನ್ನೂ ಒಟ್ಟಿಗೆ ಬಿಟ್ಟುಬಂದವರು ಬಹಳ.

ತಪ್ಪುವುದು ಸಾಮಾನ್ಯವಾಗಿ ಇನ್ನೊಂದು ಕಡೆ. ಗಾಬರಿಯಲ್ಲಿ ನೀವೇ ಆ್ಯಪಿನಲ್ಲಿ ಟಿಕೆಟ್ ರದ್ದು ಮಾಡಿದರೆ ಅದು ನಿಮ್ಮ ರದ್ದತಿ, ಟಿಕೆಟ್ಟಿನ ಷರತ್ತಿನಂತೆ ಹಣ ಕಡಿತ. ಕಂಪನಿ ರದ್ದು ಮಾಡುವವರೆಗೆ ಅಥವಾ 90 ನಿಮಿಷ ಮೀರುವ ವಿಳಂಬ ಖಚಿತವಾಗುವವರೆಗೆ ಕೈ ಹಾಕಬೇಡಿ. ಹೊರಡುವ ವೇಳೆ ನಮೂದಿಸದ ಓಪನ್ ಟಿಕೆಟ್ಟಿಗೆ ಈ ಹಕ್ಕುಗಳಿಲ್ಲ. ತಡವಿದೆ ಎಂದು ತಿಳಿಸಿದ ಮೇಲೆ ಕೊಂಡ ಟಿಕೆಟ್ಟಿಗೆ ವಸತಿಯೂ ಇಲ್ಲ, ಪರಿಹಾರವೂ ಇಲ್ಲ. ಪ್ರಯಾಣ ವಿಮೆಯದೂ ಅದೇ ಕಥೆ. ಮುಷ್ಕರ ಘೋಷಣೆಯಾದ ಮರುದಿನ ಕೊಂಡ ಪಾಲಿಸಿ ಆ ಮುಷ್ಕರಕ್ಕೆ ಸಾಮಾನ್ಯವಾಗಿ ಅನ್ವಯಿಸದು. ಫಲಕದ ಫೋಟೊ, ಬಂದ ಸಂದೇಶ, ಊಟದ ರಸೀದಿ ಇಟ್ಟುಕೊಳ್ಳಿ. ದೂರು ಕೊಡಲು ಎರಡು ತಿಂಗಳ ಗಡುವು, ಕಂಪನಿ ಕೊನೆಯ ಉತ್ತರ ಕೊಡಲೂ ಎರಡು ತಿಂಗಳು.

ಬದಲಿ ದಾರಿಗಳು ನಕ್ಷೆಯಲ್ಲಿ ಬೇಕಾದಷ್ಟಿವೆ. ಡನ್ಕರ್ಕ್ ಕ್ಯಾಲೆಯಿಂದ ಸುಮಾರು 40 ಕಿಲೋಮೀಟರ್, ಆದರೆ ಡೋವರ್-ಡನ್ಕರ್ಕ್ ಫೆರಿ ವಾಹನದವರಿಗೆ ಮಾತ್ರ. ಬ್ಯಾಗು ಹೊತ್ತು ನಡೆದು ಹೋದವರನ್ನು ಹತ್ತಿಸುವುದಿಲ್ಲ. ಸುರಂಗದ ಶಟಲ್ಲಿಗೂ ವಾಹನ ಬೇಕು. ನಡೆದು ಹತ್ತುವವರಿಗೆ ನಾಲ್ಕು ಗಂಟೆಯ ಡಿಯೆಪ್-ನ್ಯೂಹೇವನ್ ಇದೆ, ಹಗಲೆಲ್ಲ ಹಿಡಿಯುವ ಹುಕ್ ಆಫ್ ಹಾಲೆಂಡ್-ಹ್ಯಾರಿಚ್ ಇದೆ, ರಾಟರ್‌ಡ್ಯಾಂ-ಹಲ್ ರಾತ್ರಿ ಪಯಣವಿದೆ. ಪ್ರತಿಭಟನೆ ಫ್ರೆಂಚ್ ಮೀನುಗಾರರದಾದರೆ ಡಚ್ ಬಂದರು ಹಿಡಿಯುವುದು ಜಾಣತನ. ಇನ್ನೊಂದು ಫ್ರೆಂಚ್ ಬಂದರಿಗೆ ಓಡುವುದು ಜೂಜು.

ಕೊನೆಯದಾಗಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ. ಲಂಡನ್, ರೆಡಿಂಗ್, ಮಿಲ್ಟನ್ ಕೀನ್ಸ್ ಕಡೆಯ ನಮ್ಮವರು ವಾರಾಂತ್ಯಕ್ಕೆ ಕಾರಿನಲ್ಲಿ ಪ್ಯಾರಿಸಿಗೆ ಹೋಗಿ ಬರುವುದು ಈಗ ಮಾಮೂಲು. ಬ್ರಿಟನ್ ಮತ್ತು ಫ್ರಾನ್ಸ್ ನಡುವಿನ 2003ರ ಲೆ ಟುಕೆ ಒಪ್ಪಂದದಿಂದ ಫ್ರೆಂಚ್ ಗಡಿ ಪೊಲೀಸರು ಡೋವರ್‌ನಲ್ಲೇ ಕೂತಿರುತ್ತಾರೆ, ಬ್ರಿಟಿಷ್ ಅಧಿಕಾರಿಗಳು ಕ್ಯಾಲೆಯಲ್ಲಿ. ಅಂದರೆ ಡೋವರ್‌ನ ಗೂಡಿನಲ್ಲಿ ಪಾಸ್‌ಪೋರ್ಟ್ ತೋರಿಸಿದ ಕ್ಷಣವೇ ದಾಖಲೆಯ ಪ್ರಕಾರ ನೀವು ಷೆಂಗೆನ್, ಅಂದರೆ ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳ ವಲಯ, ಪ್ರವೇಶಿಸಿದಿರಿ, ಕಾರು ಇನ್ನೂ ಇಂಗ್ಲೆಂಡಿನ ನೆಲದ ಮೇಲಿದ್ದರೂ. ಆಮೇಲೆ ಹಡಗು ರದ್ದಾಗಿ ಮನೆಗೆ ತಿರುಗಿದರೆ ಒಂದೇ ಪ್ರವೇಶದ ವೀಸಾ ಬಳಸಿದಂತೆ ಕಾಣುತ್ತದೆ. ಸಿಂಗಲ್ ಎಂಟ್ರಿ ವೀಸಾದವರು ಬಂದರು ಬಿಡುವ ಮೊದಲೇ ಅದೇ ಫ್ರೆಂಚ್ ಗೂಡಿಗೆ ಹೋಗಿ ಆ ಪ್ರವೇಶವನ್ನು ರದ್ದು ಮಾಡಿಸಿಕೊಳ್ಳಬೇಕು. ಕ್ಯಾಲೆಯಲ್ಲಿ ನಿರ್ಗಮನ ದಾಖಲಾದ ಮೇಲೆ ಹಡಗು ನಿಂತರೂ ಹೀಗೆಯೇ, ಇಲ್ಲದಿದ್ದರೆ ಫ್ರಾನ್ಸಿನಲ್ಲೇ ಇದ್ದೂ ಹೊರಟುಹೋದವರಾಗುತ್ತೀರಿ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದಿರುವ ಬೆರಳಚ್ಚು, ಮುಖಚಿತ್ರದ ಗಣಕ ವ್ಯವಸ್ಥೆಯಲ್ಲಿ ಮೊಹರು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಕೇಳದೆ ಗೊತ್ತಾಗುವುದೂ ಇಲ್ಲ. ತಡೆಯಿಂದಾಗಿ ವೀಸಾ ಅವಧಿಯೇ ಮುಗಿಯುವಂತಿದ್ದರೆ ಷೆಂಗೆನ್ ವೀಸಾ ಸಂಹಿತೆಯ 33ನೇ ವಿಧಿಯಂತೆ ವಿಸ್ತರಣೆ ಕೇಳಬಹುದು. ಕೈಮೀರಿದ ಕಾರಣವೆಂದು ಒಪ್ಪಿದರೆ ಶುಲ್ಕವಿಲ್ಲ. ಆದರೆ ಅರ್ಜಿಯನ್ನು ಅವಧಿ ಮುಗಿಯುವ ಮೊದಲೇ, ಆ ದೇಶದೊಳಗೇ ಹಾಕಬೇಕು. ಕಂಪನಿ ಕಳಿಸಿದ ರದ್ದತಿ ಸಂದೇಶ, ಫಲಕದ ಫೋಟೊ ಅಲ್ಲಿ ಮತ್ತೆ ಬೇಕಾಗುತ್ತವೆ, ಮೊಬೈಲಿನಲ್ಲಿ ಚಾರ್ಜ್ ಉಳಿದಿರುವಾಗಲೇ ಮಿಂಚಂಚೆಗೆ ಕಳಿಸಿಟ್ಟುಕೊಳ್ಳಿ.